ಬಾಡಿಗೆಯ ಬೆಳ್ಳಿತೆರೆ

ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ನೆಯ ಇಸವಿಯ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಾಗ, ಇಂದ್ರಜಿತುವಿನ ಪಾತ್ರದಲ್ಲಿ ಸುಬ್ಬಯ್ಯನಾಯ್ಡುಗಳೂ, ರಾವಣನ ಪಾತ್ರದಲ್ಲಿ ಆರ್. ನಾಗೇಂದ್ರರಾಯರೂ, ಸುಲೋಚನೆಯಾಗಿ ತ್ರಿಪುರಾಂಬಾ ಅವರೂ ಆಡಿದ ಮಾತು ಕಂಪನಿ ನಾಟಕಗಳ ರಂಗದ ಮೇಲೆ ಹದಗೊಂಡ ಮೈಸೂರು ಸೀಮೆಯ ಕನ್ನಡವೇ ಆಗಿದ್ದಿತಾದರೂ, ಆ ಮಾತು ಯಂತ್ರದೊಳಗೆ ಸೇರಿದುದು ಮೈಸೂರು ಸೀಮೆಯಲ್ಲಲ್ಲ, ಕೊಲ್ಲಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ. ಹಣ ಹೂಡಿದವರು ಬೆಂಗಳೂರಿನಲ್ಲಿ ವ್ಯಾಪಾರ ನಡೆಸುತ್ತಿದ್ದ ಮಾರವಾಡಿ ವರ್ತಕ ಚಮನ್‌ಲಾಲ್ ಡೂಂಗಾಜಿಯವರು. ನಿರ್ದೇಶಿಸಿದವರು ತೆಲುಗು ನಾಡಿನಿಂದ ಬಂದ ವೈ.ವಿ. ರಾಯರು, ಸಂಭಾಷಣೆಯನ್ನೂ ಹಾಡುಗಳನ್ನೂ ಹೊಸೆದವರು ಮಾತ್ರ ನಮ್ಮ ಬೆಳ್ಳಾವೆ ನರಹರಿಶಾಸ್ತ್ರಿಗಳು. ಸುಮಾರು 40,000 ರೂಪಾಯಿಗಳ ವೆಚ್ಚದಲ್ಲಿ, ಎರಡು ತಿಂಗಳ ಕಾಲಾವಧಿಯಲ್ಲಿ ಸಿದ್ಧವಾದ ಈ ಚಿತ್ರವನ್ನು ನೋಡಲು ಜನ ಮುಗಿಬಿದ್ದರು. ಇದಕ್ಕಿಂತ ಮೊದಲೇ ಚಿತ್ರೀಕರಣ ಮುಗಿಸಿದ್ದ ‘ಭಕ್ತ ಧ್ರುವ’ ಬಿಡುಗಡೆಯಲ್ಲಿ ಹಿಂದೆ ಬಿದ್ದು, ಮೊದಲನೆಯದೆಂಬ ಕೀರ್ತಿಯನ್ನು ಸ್ವಲ್ಪದರಲ್ಲೇ ಕಳೆದುಕೊಂಡಿತು.

ಈ ಆರಂಭದ ವೃತ್ತಾಂತವನ್ನು ನಾವು ಸಾಮಾನ್ಯವಾಗಿ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅಭಿಮಾನಕ್ಕೆ ಕಾರಣವೂ ಉಂಟು. ಆದರೆ ಆ ಮೊದಲ ಚಿತ್ರದಲ್ಲಿ ಯಾವುದು ನಮ್ಮದಾಗಿತ್ತು, ಯಾವುದು ಪರರದಾಗಿತ್ತು ಎಂಬ ಲೆಕ್ಕವನ್ನು ಒಮ್ಮೆ ಮಾಡಿಕೊಂಡರೆ, ಮುಂದಿನ ತೊಂಬತ್ತು ವರ್ಷಗಳ ಕಥೆಯ ಬಹುಭಾಗ ಅಲ್ಲಿಯೇ ಅಡಗಿರುವುದು ಕಾಣುತ್ತದೆ. ನಟರು, ಮಾತು, ಹಾಡು, ಪ್ರೇಕ್ಷಕರು ನಮ್ಮವರು. ಬಂಡವಾಳ, ಯಂತ್ರ, ಸೂರು ಬೇರೆಯವರದು. ಕನ್ನಡದ ಬೆಳ್ಳಿತೆರೆಗೂ, ಅದರ ಬೆನ್ನಿಗೆ ಹುಟ್ಟಿದ ಕಿರುತೆರೆಗೂ ಪ್ರತಿಭೆಯ ಕ್ಷಾಮ ಬಂದ ಕಾಲವನ್ನು ನಾನು ಕಾಣೆ. ಬಂದ ಕ್ಷಾಮಗಳೆಲ್ಲ ಸ್ವಂತ ಸೂರಿನವು, ಎಂದರೆ ಚಿತ್ರ ತಯಾರಾಗುವ ಮತ್ತು ಪ್ರದರ್ಶಿತವಾಗುವ ಸ್ಥಳದ ಮೇಲಿನ ಹಕ್ಕಿನವು. ಬಾಡಿಗೆಯ ಮನೆಯಲ್ಲಿ ಹುಟ್ಟಿ ಬೆಳೆದ ಸಂಸಾರವೊಂದು ಸ್ವಂತ ಮನೆ ಕಟ್ಟಲು ಪಟ್ಟ ಪಾಡು, ಕಟ್ಟಿದ ಮೇಲೆ ಬಾಗಿಲಿಗೆ ಹಾಕಿದ ಅಗುಳಿ, ಅಗುಳಿ ತೆಗೆದ ಮೇಲೆ ಕಂಡ ಹೊಸ ಒಡೆಯರು, ಇವೇ ಈ ಇತಿಹಾಸದ ಕಾಂಡಗಳು.

ಅಂದಿನ ಕನ್ನಡನಾಡು ಒಂದು ನಾಡಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಮೈಸೂರು ಸಂಸ್ಥಾನ ಒಂದು ಕಡೆ, ಧಾರವಾಡ ಬೆಳಗಾವಿಗಳು ಮುಂಬಯಿ ಪ್ರಾಂತದಲ್ಲಿ, ಕಲಬುರಗಿ ರಾಯಚೂರುಗಳು ನಿಜಾಮನ ಆಳ್ವಿಕೆಯಲ್ಲಿ, ಬಳ್ಳಾರಿ ಮಂಗಳೂರುಗಳು ಮದರಾಸು ಪ್ರಾಂತದಲ್ಲಿ ಹಂಚಿಹೋಗಿದ್ದ ಆ ಕಾಲದಲ್ಲಿ, ಹುಬ್ಬಳ್ಳಿಯ ಚಿತ್ರಮಂದಿರ ಪುಣೆ ಮುಂಬಯಿಗಳ ಕಡೆಗೂ, ಬಳ್ಳಾರಿಯ ಚಿತ್ರಮಂದಿರ ತೆಲುಗಿನ ಕಡೆಗೂ, ಬೆಂಗಳೂರು ದಂಡುಪ್ರದೇಶದ ಚಿತ್ರಮಂದಿರ ಇಂಗ್ಲಿಷು ತಮಿಳುಗಳ ಕಡೆಗೂ ಮುಖಮಾಡಿ ನಿಂತಿದ್ದುವು. ಕನ್ನಡ ಚಿತ್ರವೊಂದಕ್ಕೆ ಹಣ ಹಾಕುವವನು ಲೆಕ್ಕವಿಟ್ಟು ನೋಡಿದರೆ ಅವನಿಗೆ ನಿಶ್ಚಿತವಾಗಿ ದಕ್ಕುತ್ತಿದ್ದುದು ಹಳೆಯ ಮೈಸೂರಿನ ಕೆಲವು ಪಟ್ಟಣಗಳು ಮಾತ್ರ. 1936ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ‘ಸಂಸಾರ ನೌಕ’ವನ್ನು ತೆರೆಗೆ ತಂದು, ದೇವದಾನವರಿಂದ ತುಂಬಿದ್ದ ಚಿತ್ರಲೋಕಕ್ಕೆ ಮನೆಮಂದಿಯ ಕಷ್ಟಸುಖಗಳನ್ನು ಪರಿಚಯಿಸಿದರು, ಬಿ.ಆರ್. ಪಂತುಲು ಅವರಿಗೂ ಎಂ.ವಿ. ರಾಜಮ್ಮನವರಿಗೂ ಹೆಸರು ಬಂದಿತು. ಆದರೆ ಅದೂ ತಯಾರಾದುದು ಮದರಾಸಿನ ದೇವಿ ಫಿಲಂಸ್ ಆಶ್ರಯದಲ್ಲಿ. ಮರುವರ್ಷದ ಬಳಿಕ ಕೆಲಕಾಲ ಕನ್ನಡ ಚಿತ್ರನಿರ್ಮಾಣವೇ ನಿಂತುಹೋಯಿತೆನ್ನಬಹುದು.

ಇತ್ತ ಕೆಲಸವಿಲ್ಲದ ಪ್ರತಿಭೆ ಕೆಲಸವಿದ್ದ ಕಡೆಗೆ ಹರಿಯಿತು. ಹುಬ್ಬಳ್ಳಿಯ ಸಮೀಪದ ಅದರಗುಂಚಿಯ ಶಾಂತಾ ಹುಬಳೀಕರ ಅವರು ನಿರ್ದೇಶಕ ವಿ. ಶಾಂತಾರಾಮರ ಮರಾಠಿ ಚಿತ್ರ ‘ಮಾಣೂಸ್’ನಿಂದ ಅಖಿಲ ಭಾರತ ಖ್ಯಾತಿಯನ್ನು ಪಡೆದರು, ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಕಂಠ ಹಿಂದೀ ಚಿತ್ರಗಳಿಗೆ ಮೀಸಲಾಯಿತು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಛಾಯಾಗ್ರಹಣವನ್ನು ಶಾಸ್ತ್ರೋಕ್ತವಾಗಿ ಕಲಿಸಿದ ದೇಶದ ಆದ್ಯ ವಿದ್ಯಾಲಯಗಳಲ್ಲೊಂದು; ಅಲ್ಲಿ ಕಲಿತ ಮೈಸೂರಿನ ವಿ.ಕೆ. ಮೂರ್ತಿಯವರು ಬೆಳಕಿನ ಕೋಲುಗಳನ್ನು ಇಳಿಬಿಟ್ಟುದು ಗುರುದತ್ತರ ಮುಂಬಯಿಯ ಸೆಟ್ಟುಗಳಲ್ಲಿ. ಕಲಿಸುವ ಶಾಲೆ ನಮ್ಮಲ್ಲಿದ್ದು ಕಲಿತುದನ್ನು ನಡೆಸುವ ಕಾರ್ಯಾಗಾರ ಇಲ್ಲದಿದ್ದುದು ವಿಚಿತ್ರವಾದರೂ, ನಮ್ಮ ನಾಡಿನ ಮಟ್ಟಿಗೆ ಆಶ್ಚರ್ಯವೇನಲ್ಲ.

ಆ ಬರಗಾಲದಲ್ಲಿ ದೀಪ ಹಿಡಿದು ನಿಂತವರು ರಂಗಭೂಮಿಯವರೇ. ಗುಬ್ಬಿ ವೀರಣ್ಣನವರು ಮೂಕಿಯ ಕಾಲದಿಂದಲೂ ಚಿತ್ರಕ್ಕೆ ಕೈಹಾಕಿ ಕೈಸುಟ್ಟುಕೊಂಡು, ಸುಟ್ಟ ಕೈಯಿಂದಲೇ ಮತ್ತೆ ಹಣ ಸುರಿದವರು. 1942ರ ‘ಜೀವನ ನಾಟಕ’ಕ್ಕಾಗಿ ಶಾಂತಾ ಹುಬಳೀಕರರನ್ನೇ ಕನ್ನಡಕ್ಕೆ ಕರೆತಂದರು. ಮರುವರ್ಷ ನಾಗೇಂದ್ರರಾಯರೂ ಸುಬ್ಬಯ್ಯನಾಯ್ಡುಗಳೂ ತಮಿಳು ನಿರ್ಮಾಪಕ ಎ.ವಿ. ಮೇಯಪ್ಪ ಚೆಟ್ಟಿಯಾರರೊಡನೆ ಕೂಡಿ ತೆಗೆದ ‘ಸತ್ಯ ಹರಿಶ್ಚಂದ್ರ’ ಒಳ್ಳೆಯ ಹಣ ಗಳಿಸಿತು. ಚೆಟ್ಟಿಯಾರರು ಚತುರ ವ್ಯವಹಾರಿಗಳು. ಆ ಕನ್ನಡ ಚಿತ್ರದ ತುಟಿಚಲನೆಗೆ ತಮಿಳು ಮಾತುಗಳನ್ನು ಹೊಂದಿಸಿ 1944ರಲ್ಲಿ ತಮಿಳುನಾಡಿನಲ್ಲಿ ಬಿಡುಗಡೆ ಮಾಡಿದರು. ದಕ್ಷಿಣ ಭಾರತದ ಡಬ್ಬಿಂಗ್ ವಿದ್ಯೆಗೆ ಮೊದಲ ಸಮಿತ್ತು ಹೀಗೆ ಕನ್ನಡದಿಂದ ಸಂದಿತು. ಈ ಸಂಗತಿಯನ್ನು ಓದುಗರು ಮುಂದಿನ ಒಂದು ಸಂದರ್ಭಕ್ಕಾಗಿ ನೆನಪಿನಲ್ಲಿಟ್ಟುಕೊಳ್ಳಬೇಕು.

1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದಿತು. ಗುಬ್ಬಿ ಕಂಪನಿಯ ನಟ ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜನಿಗೆ ಸಿಂಹ ಅವರು ರಾಜಕುಮಾರ್ ಎಂದು ಹೊಸ ಹೆಸರಿಟ್ಟು ಬೇಡನ ವೇಷ ತೊಡಿಸಿದರು, ನರಸಿಂಹರಾಜು, ಜಿ.ವಿ. ಅಯ್ಯರ್, ಪಂಡರಿಬಾಯಿ ಅವರ ಜೊತೆಗಿದ್ದರು. ಆ ಚಿತ್ರದ ಯಶಸ್ಸು ಕನ್ನಡಕ್ಕೆ ಒಬ್ಬ ನಾಯಕನಟನನ್ನು ಕೊಟ್ಟಿತಾದರೂ, ಆ ನಟನೂ ಅವನ ಸಹೋದ್ಯೋಗಿಗಳೂ ಬದುಕಿದುದು ಮದರಾಸಿನ ಬಾಡಿಗೆ ಕೋಣೆಗಳಲ್ಲಿ. ಅಲ್ಲಿನ ಸ್ಟುಡಿಯೋಗಳಲ್ಲಿ ತಮಿಳು ತೆಲುಗು ಚಿತ್ರಗಳಿಗೆ ಉಳಿದುದೇ ಕನ್ನಡಕ್ಕೆ. ಮೈಸೂರಿನಲ್ಲಿ ಅದೇ ವರ್ಷ ಎಂ.ಎನ್. ಬಸವರಾಜಯ್ಯನವರು ಪ್ರೀಮಿಯರ್ ಸ್ಟುಡಿಯೋವನ್ನು ಆರಂಭಿಸಿದುದು ದೊಡ್ಡ ಸಾಹಸವೇ ಸರಿ; ಆದರೂ ಹಾಡಿನ ಮುದ್ರಣ, ಸಂಕಲನ, ಸಂಸ್ಕರಣ ಎಂದರೆ ರೈಲು ಹತ್ತಿ ಮದರಾಸಿಗೆ ಹೋಗಲೇಬೇಕಾಗಿದ್ದಿತು.

1956ರ ನವೆಂಬರ್ 1ರಂದು ಹಂಚಿಹೋಗಿದ್ದ ನಾಡು ಒಂದಾಯಿತು. ಇನ್ನು ಮಾರುಕಟ್ಟೆಯೂ ಒಂದಾಗಿ ಕನ್ನಡ ಚಿತ್ರಗಳ ಬೆಳೆ ಹುಲುಸಾಗುವುದೆಂದು ನಿರೀಕ್ಷಿಸಿದವರಿಗೆ ಕಂಡುದು ಬೇರೆಯದೇ ದೃಶ್ಯ. ಐವತ್ತರ ದಶಕದ ಕೊನೆಯಲ್ಲಿ ಚಿತ್ರಗಳ ಸಂಖ್ಯೆ ಕುಗ್ಗಿ, ಕಲಾವಿದರಿಗೆ ಕೆಲಸವಿಲ್ಲದಂತಾಯಿತು. ಆಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮುಂತಾದವರು ಕನ್ನಡ ಚಲನಚಿತ್ರ ಕಲಾವಿದರ ಸಂಘವೊಂದನ್ನು ಕಟ್ಟಿಕೊಂಡು, ತಾವು ಬಿಟ್ಟುಬಂದಿದ್ದ ರಂಗದ ಬಣ್ಣವನ್ನು ಮತ್ತೆ ಮುಖಕ್ಕೆ ಬಳಿದುಕೊಂಡು, ಊರೂರು ತಿರುಗಿ ನಾಟಕವಾಡಿದರು. ಕೊನೆಗೆ ತಾವೇ ನಿರ್ಮಾಪಕರಾಗಿ 1960ರಲ್ಲಿ ‘ರಣಧೀರ ಕಂಠೀರವ’ವನ್ನು ತೆರೆಗೆ ತಂದರು. ಬಂಡವಾಳಗಾರನ ಬಾಗಿಲು ಕಾಯುತ್ತ ಕೂರದೆ ನಟರೇ ಒಡೆಯರಾದ ಈ ಪ್ರಸಂಗಕ್ಕೆ ನಮ್ಮ ಚಿತ್ರಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಗೌರವ ಸಂದಿಲ್ಲವೆಂದು ನನ್ನ ಅಭಿಪ್ರಾಯ. ಪುಲಕೇಶಿಯನ್ನೂ ಕೃಷ್ಣದೇವರಾಯನನ್ನೂ ಕುರಿತು ಪ್ರೌಢ ಚಿತ್ರಗಳು ಬಂದುದು ಆಮೇಲೆ. ಮೈಸೂರಿನ ಅರಸನೊಬ್ಬನ ಕಥೆಯನ್ನು ಎತ್ತಿಕೊಂಡು, ಹಸಿದ ಹೊಟ್ಟೆಯಲ್ಲಿ ಅರಮನೆಯ ವೈಭವವನ್ನು ನಟಿಸಿದ ಆ ನಾಲ್ವರ ಧೈರ್ಯ ಇಲ್ಲದಿದ್ದರೆ ಆ ಪ್ರೌಢ ಚಿತ್ರಗಳಿಗೆ ನೆಲೆಯೇ ಇರುತ್ತಿರಲಿಲ್ಲ.

ಇಷ್ಟರಲ್ಲಿ ಮತ್ತೊಂದು ತಾಪತ್ರಯ ತಲೆದೋರಿತು. ತೆಲುಗು ಹಿಂದೀ ಚಿತ್ರಗಳಿಗೆ ಕನ್ನಡ ಮಾತು ಹೊದಿಸಿ ಅಗ್ಗವಾಗಿ ಬಿಡುಗಡೆ ಮಾಡುವ ಉದ್ಯಮ ಬೆಳೆದು, ಕನ್ನಡದಲ್ಲೇ ತಯಾರಾದ ಚಿತ್ರಕ್ಕಿಂತ ಡಬ್ಬಿಂಗ್ ಚಿತ್ರ ಲಾಭಕರವೆಂಬ ಪರಿಸ್ಥಿತಿ ಒದಗಿತು. ಕೋಟಿಗಟ್ಟಲೆ ಜನರ ಭಾಷೆಯಲ್ಲಿ ಕಂಠದಾನ ಮಾಡುವವರಿಗೆ ಮಾತ್ರ ಕೆಲಸವಿದ್ದು, ನಟಿಸುವವರಿಗೆ, ಸೆಟ್ಟು ಕಟ್ಟುವವರಿಗೆ, ವಾದ್ಯ ನುಡಿಸುವವರಿಗೆ ಕೆಲಸವಿಲ್ಲದಂತಾದರೆ ಆ ಭಾಷೆಯ ಚಿತ್ರೋದ್ಯಮಕ್ಕೆ ಗತಿಯೇನೆಂದು ಕೇಳಿದವರಲ್ಲಿ ಕಾದಂಬರಿಕಾರ ಅ.ನ. ಕೃಷ್ಣರಾಯರೂ ಕನ್ನಡ ಚಳವಳಿಯ ಮುಂದಾಳು ಮ. ರಾಮಮೂರ್ತಿಯವರೂ ಅಗ್ರಗಣ್ಯರು. ಚಿತ್ರರಂಗದವರು ಅವರೊಡನೆ ಕೂಡಿದರು. ತೆಲುಗಿನ ‘ಮಾಯಾ ಬಜಾರ್’ 1965ರಲ್ಲಿ ಕನ್ನಡ ಮಾತನಾಡಿ ಬಂದುದೇ ಕೊನೆಯಾಗಿ, ಅನಂತರ ಅರ್ಧ ಶತಮಾನದ ಕಾಲ ಆ ಬಾಗಿಲು ಮುಚ್ಚಿಕೊಂಡಿತು. ಶಾಸನಸಭೆ ಇದಕ್ಕೆ ಕಾಯಿದೆ ಮಾಡಲಿಲ್ಲ, ನ್ಯಾಯಾಲಯ ಆಜ್ಞೆ ಕೊಡಲಿಲ್ಲ. ಚಲನಚಿತ್ರ ವಾಣಿಜ್ಯ ಮಂಡಳಿ, ನಿರ್ಮಾಪಕರು, ಕಲಾವಿದರು, ಪ್ರದರ್ಶಕರು ಸೇರಿ ಮಾಡಿಕೊಂಡ ಒಡಂಬಡಿಕೆಯೇ ಶಾಸನವಾಯಿತು. ಈ ಅಗುಳಿಯನ್ನು ಹಾಕಿದುದು ಆ ಕಾಲಕ್ಕೆ ಯುಕ್ತವಾಗಿತ್ತೆಂದೇ ನಾನು ಭಾವಿಸುತ್ತೇನೆ. ಅದನ್ನು ತೆಗೆಯಬೇಕಾದ ಕಾಲ ಯಾವುದೆಂದು ಯೋಚಿಸುವವರು ಇಲ್ಲದೆ ಹೋದುದು ಬೇರೆ ಮಾತು.

ಮುಂದಿನ ಹದಿನೈದು ವರ್ಷಗಳು ಆ ತೀರ್ಮಾನಕ್ಕೆ ಸಾಕ್ಷಿ ನುಡಿಯುತ್ತವೆ. ಸರ್ಕಾರ ರಾಜ್ಯದಲ್ಲೇ ತಯಾರಾಗುವ ಚಿತ್ರಗಳಿಗೆ ಸಹಾಯಧನ ಕೊಡತೊಡಗಿತು. 1966ರಲ್ಲಿ ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಸ್ಥಾಪಿತವಾಯಿತು. ಕಲಾವಿದರು ಒಬ್ಬೊಬ್ಬರಾಗಿ ಮದರಾಸನ್ನು ಬಿಟ್ಟು ಊರಿಗೆ ಮರಳಿದರು. ಕಥೆಗಾಗಿ ಪರದಾಡಬೇಕಾಗಿರಲಿಲ್ಲ, ಏಕೆಂದರೆ ಪಕ್ಕದಲ್ಲೇ ಕನ್ನಡ ಕಾದಂಬರಿಯ ತುಂಬಿದ ಕಣಜವಿದ್ದಿತು. ಪುಟ್ಟಣ್ಣ ಕಣಗಾಲರು ತ್ರಿವೇಣಿಯವರಿಂದ ‘ಬೆಳ್ಳಿಮೋಡ’, ‘ಶರಪಂಜರ’ಗಳನ್ನೂ, ಎಂ.ಕೆ. ಇಂದಿರಾ ಅವರಿಂದ ‘ಗೆಜ್ಜೆಪೂಜೆ’ಯನ್ನೂ, ತ.ರಾ. ಸುಬ್ಬರಾಯರಿಂದ ‘ನಾಗರಹಾವ’ನ್ನೂ ಎತ್ತಿಕೊಂಡು, ಓದುವ ಮಧ್ಯಮವರ್ಗವನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಚಿತ್ರಮಂದಿರಕ್ಕೆ ಕರೆತಂದರು. ‘ಶರಪಂಜರ’ದ ಕಾವೇರಿಯ ಮನಃಕ್ಲೇಶವನ್ನು ನೋಡಿ ಕಣ್ಣೊರೆಸಿಕೊಂಡ ತಾಯಂದಿರೇ ಅಂದಿನ ಚಿತ್ರರಂಗದ ನಿಜವಾದ ಪೋಷಕರೆಂದರೆ ಅತ್ಯುಕ್ತಿಯಾಗದು. 1972ರಲ್ಲಿ ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಹೋಗಿ ನೇಗಿಲು ಹಿಡಿದ ವಿದ್ಯಾವಂತರ ಕಥೆಗಳನ್ನು ಇಂದಿಗೂ ಹೇಳುತ್ತಾರೆ. ಕೆಂಪೇಗೌಡ ರಸ್ತೆಯ ಎರಡೂ ಬದಿಗೆ ಚಿತ್ರಮಂದಿರಗಳೂ, ಗಾಂಧಿನಗರದ ಗಲ್ಲಿಗಳಲ್ಲಿ ಹಂಚಿಕೆದಾರರ ಕಚೇರಿಗಳೂ, ಅವುಗಳ ಮೆಟ್ಟಿಲ ಮೇಲೆ ಅವಕಾಶಕ್ಕಾಗಿ ಕಾಯುವ ಹುಡುಗರೂ ತುಂಬಿ, ‘ಗಾಂಧಿನಗರ’ ಎಂಬುದು ಉದ್ಯಮದ ಹೆಸರೇ ಆಗಿಹೋಯಿತು. ಹಳ್ಳಿಗಳಲ್ಲಿ ಟೂರಿಂಗ್ ಟಾಕೀಸಿನ ಡೇರೆಯೊಳಗೆ, ನೆಲದ ಮೇಲಿನ ಗಾಂಧಿ ಕ್ಲಾಸಿನಲ್ಲಿ, ಮರಳು ಗುಡ್ಡೆ ಮಾಡಿಕೊಂಡು ಕುಳಿತ ಪ್ರೇಕ್ಷಕನಿಗೂ ಆ ಹೆಸರು ಗೊತ್ತಿದ್ದಿತು.

ಇದೇ ಕಾಲಕ್ಕೆ ಗಾಂಧಿನಗರಕ್ಕೆ ಬೆನ್ನುಮಾಡಿ ಇನ್ನೊಂದು ಧಾರೆ ಹೊರಟಿತು. ಪಟ್ಟಾಭಿರಾಮ ರೆಡ್ಡಿಯವರು ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಮಲೆನಾಡಿನ ಅಗ್ರಹಾರದಲ್ಲಿ ಚಿತ್ರೀಕರಿಸಿದಾಗ, ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರಾದರು, ಲಂಕೇಶರು ನಾರಣಪ್ಪನಾದರು. ಮದರಾಸಿನ ಸೆನ್ಸಾರು ಮಂಡಳಿ ಅದನ್ನು ತಡೆಹಿಡಿಯಿತು. ಕೇಂದ್ರಸರ್ಕಾರ ತಡೆಯನ್ನು ತೆಗೆಯಿತು. ಕಡೆಗೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವೂ ಅದಕ್ಕೇ ದೊರೆಯಿತು. ಆಮೇಲೆ ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿಸಾಹೇಬ’, ‘ದ್ವೀಪ’ಗಳೂ ಸೇರಿ ಒಟ್ಟು ಆರು ಬಾರಿ ಆ ಗೌರವ ಕನ್ನಡಕ್ಕೆ ಬಂದಿತು, ಅದರಲ್ಲಿ ನಾಲ್ಕು ಗಿರೀಶ ಕಾಸರವಳ್ಳಿಯವರೊಬ್ಬರ ಕೃತಿಗಳು. ಆದರೆ ಈ ಚಿತ್ರಗಳಿಗೆ ದೆಹಲಿಯಲ್ಲಿ ಸಿಕ್ಕ ಆಸನ ಕೆಂಪೇಗೌಡ ರಸ್ತೆಯಲ್ಲಿ ಸಿಗಲಿಲ್ಲ. ಕರ್ನಾಟಕದ ಚಿತ್ರಮಂದಿರಗಳಲ್ಲಿ ಬೇರೂರಿದ್ದ ವಾರದ ಬಾಡಿಗೆಯ ಪದ್ಧತಿಯೇ ಇದಕ್ಕೆ ಮುಖ್ಯ ಕಾರಣವೆನ್ನಬೇಕು: ಜನ ಬರಲಿ ಬಿಡಲಿ, ನಿರ್ಮಾಪಕ ಮಂದಿರದ ಒಡೆಯನಿಗೆ ನಿಗದಿಯಾದ ಹಣವನ್ನು ಕಟ್ಟಲೇಬೇಕು, ಗಳಿಕೆಯಲ್ಲಿ ಪಾಲು ಹಂಚಿಕೊಳ್ಳುವ ಶೇಕಡಾವಾರು ಪದ್ಧತಿಯಲ್ಲಾದರೋ ಒಡೆಯನಿಗೂ ಚಿತ್ರದ ಹಿತದಲ್ಲಿ ಆಸಕ್ತಿಯಿರುತ್ತದೆ. ಬಾಯಿಂದ ಬಾಯಿಗೆ ಹೆಸರು ಹರಡಿ ಮೂರನೆಯ ವಾರದಲ್ಲಿ ಜನ ಬರಬೇಕಾದ ಚಿತ್ರ, ಬಾಡಿಗೆ ಕಟ್ಟಲಾರದೆ ಮೊದಲನೆಯ ವಾರದಲ್ಲೇ ಡಬ್ಬ ಸೇರುತ್ತಿದ್ದಿತು.

ಟೆಲಿವಿಷನ್ನಿನ ಕಥೆ ಕನ್ನಡನಾಡಿನಲ್ಲಿ ಆರಂಭವಾದುದು ರಾಜಧಾನಿಯಿಂದಲ್ಲವೆಂಬುದು ಬಹಳ ಮಂದಿಗೆ ಮರೆತಿದೆ. 1975ರ ಆಗಸ್ಟಿನಿಂದ ಒಂದು ವರ್ಷದ ಕಾಲ ಅಮೆರಿಕದ ಉಪಗ್ರಹವೊಂದರ ಮೂಲಕ ನಡೆದ ‘ಸೈಟ್’ ಎಂಬ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೆಲಿವಿಷನ್ ಪೆಟ್ಟಿಗೆಗಳನ್ನು ಕೊಟ್ಟಾಗ, ಕರ್ನಾಟಕದ ಪಾಲಿನ ಹಳ್ಳಿಗಳು ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳವಾಗಿದ್ದುವು. ಶಾಲೆಯ ಮಾಳಿಗೆಯ ಮೇಲೋ ಪಕ್ಕದಲ್ಲೋ ಕೋಳಿಗೂಡಿನ ಜಾಲರಿಯಂಥ ತಂತಿಬಲೆಯಿಂದ ಮಾಡಿದ ದೊಡ್ಡ ಬಟ್ಟಲನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿ, ಬೆಳಿಗ್ಗೆ ಮಕ್ಕಳಿಗೆ ಪಾಠವನ್ನೂ ಸಂಜೆ ದೊಡ್ಡವರಿಗೆ ಬೇಸಾಯ ಆರೋಗ್ಯಗಳ ಮಾತನ್ನೂ ಕನ್ನಡದಲ್ಲಿ ಕೇಳಿಸಿದರು. ರೈಲನ್ನೇ ಕಾಣದ ಮುದುಕಿಯರು ನೇರವಾಗಿ ಉಪಗ್ರಹದ ಚಿತ್ರವನ್ನು ಕಂಡ ಆ ಕಾಲದಲ್ಲಿ ಬೆಂಗಳೂರಿನ ಶ್ರೀಮಂತರ ಮನೆಗಳಲ್ಲಿ ಟೆಲಿವಿಷನ್ ಇರಲಿಲ್ಲ. ಪ್ರಯೋಗದ ಅವಧಿ ಮುಗಿದು ಉಪಗ್ರಹವನ್ನು ಹಿಂದೆ ತೆಗೆದುಕೊಂಡ ಮೇಲೆ, 1977ರಲ್ಲಿ ಕಲಬುರಗಿಯಲ್ಲೇ ಕೇಂದ್ರವೊಂದು ತೆರೆಯಿತು. ಬೆಂಗಳೂರಿಗೆ ದೂರದರ್ಶನ ಬಂದುದು 1981ರಲ್ಲಿ. ಬರಪೀಡಿತ ಸೀಮೆಯೊಂದು ರಾಜಧಾನಿಗಿಂತ ಮುಂದಿದ್ದ ಇಂಥ ಸಂದರ್ಭ ಕರ್ನಾಟಕದ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಸಿನಿಮಾದವರು ಈ ಪೆಟ್ಟಿಗೆಯನ್ನು ಮೊದಲು ಲಘುವಾಗಿ ಕಂಡರು. ಅದನ್ನು ಗಂಭೀರವಾಗಿ ಕಂಡವರಲ್ಲಿ ಶಂಕರನಾಗ್ ಮೊದಲಿಗರು. ಹಾಡು ಮುದ್ರಿಸಲು ಮದರಾಸಿಗೆ ಓಡುವ ರೂಢಿಗೆ ಕೊನೆಹಾಡಬೇಕೆಂದು ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಕೇಂದ್ರವನ್ನು ಕಟ್ಟಿದ ಅವರು, ಆರ್.ಕೆ. ನಾರಾಯಣರ ಮಾಲ್ಗುಡಿಯನ್ನು ಆಗುಂಬೆಯ ಮಳೆಯಲ್ಲಿ ನಿಲ್ಲಿಸಿ, ಕನ್ನಡದ ನಟರಿಂದ ಹಿಂದೀ ಮಾತನಾಡಿಸಿ, ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಇಡೀ ದೇಶಕ್ಕೆ ಉಣಬಡಿಸಿದರು. ಮದರಾಸಿನಿಂದ ಬಿಡುಗಡೆಯಾಗಲು ಬೇಕಾದ ಯಂತ್ರ, ಹಣ, ಛಲ ಮೂರನ್ನೂ ಒಬ್ಬನೇ ಮನುಷ್ಯ ಕೂಡಿಸಬಲ್ಲನೆಂದು ತೋರುತ್ತಿದ್ದ ಹೊತ್ತಿನಲ್ಲಿ, 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ನಡೆದ ಅಪಘಾತ ಅವರನ್ನು ಒಯ್ದಿತು.

ಅದಕ್ಕಿಂತ ಸುಮಾರು ಒಂದೂವರೆ ವರ್ಷ ಮುಂಚೆ ಇನ್ನೂ ಘೋರವಾದುದು ನಡೆದಿತ್ತು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ, ಟಿಪ್ಪೂ ಸುಲ್ತಾನನನ್ನು ಕುರಿತ ಹಿಂದೀ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ, ಸೆಟ್ಟಿಗೆ ಬೆಂಕಿ ಹತ್ತಿ 62 ಮಂದಿ ಸತ್ತರು. ಸತ್ತವರಲ್ಲಿ ಬಹಳ ಮಂದಿ ದೀಪ ಹಿಡಿಯುವ, ಮರ ಕೊಯ್ಯುವ, ಗುಂಪಿನಲ್ಲಿ ನಿಲ್ಲುವ ಸಾಮಾನ್ಯರು. ತೆರೆಯ ಮೇಲೆ ಹೆಸರು ಬಾರದವರು. ಕನ್ನಡನಾಡಿನ ಹಳೆಯ ಸ್ಟುಡಿಯೋ ಕಿರುತೆರೆಯ ಕೆಲಸವೊಂದರಲ್ಲಿ ಸುಟ್ಟುಹೋಯಿತೆಂಬುದರಲ್ಲಿ ಸಂಕೇತವನ್ನು ಹುಡುಕುವವರು ಹುಡುಕಲಿ; ಅಂಥ ಅಲಂಕಾರಕ್ಕೆ ಆ ಸಾವುಗಳನ್ನು ಬಳಸಲು ನನಗೆ ಮನಸ್ಸು ಬಾರದು. ಸುರಕ್ಷತೆಯ ವ್ಯವಸ್ಥೆಯಿಲ್ಲದ ಮಂಟಪದೊಳಗೆ ಜನರನ್ನು ತುಂಬಿದುದರ ಫಲವೆಂದಷ್ಟೇ ಹೇಳಿದರೆ ಸಾಕು.

ತೊಂಬತ್ತರ ದಶಕದಲ್ಲಿ ಆಕಾಶವೇ ಮಾರುಕಟ್ಟೆಯಾಯಿತು. 1994ರ ಜೂನಿನಲ್ಲಿ ಕನ್ನಡದ ಮೊದಲ ಉಪಗ್ರಹ ವಾಹಿನಿ ‘ಉದಯ’ ಹುಟ್ಟಿತು. ಅದರ ಒಡೆತನ ಮದರಾಸಿನದು. ಎರಡನೆಯದಾಗಿ ಹೆಸರಾದ ‘ಈಟಿವಿ ಕನ್ನಡ’ ಹೈದರಾಬಾದಿನ ರಾಮೋಜಿರಾಯರದಾಗಿತ್ತು. ಆಮೇಲಿನ ‘ಜೀ ಕನ್ನಡ’ ಮುಂಬಯಿಯದು. ‘ಸುವರ್ಣ’ ಕೇರಳದ ಏಷ್ಯಾನೆಟ್ಟಿನವರು ಆರಂಭಿಸಿ ಬಳಿಕ ಸ್ಟಾರ್ ಸಂಸ್ಥೆಗೆ ಸೇರಿದುದು. ಕನ್ನಡಿಗರದೇ ಆದ ‘ಕಸ್ತೂರಿ’ ಈ ಸಾಲಿನಲ್ಲಿ ತಲೆಯೆತ್ತಿತಾದರೂ ಅವುಗಳ ಸಮಕ್ಕೆ ಬರಲಿಲ್ಲ. ಕೊಲ್ಲಾಪುರದ ಯಂತ್ರದಿಂದ ಕನ್ನಡ ಮಾತನಾಡಿದ ಅರುವತ್ತು ವರ್ಷಗಳ ಮೇಲೆ, ಪರರ ಉಪಗ್ರಹದಿಂದ ಕನ್ನಡ ಮಾತನಾಡುವ ಸ್ಥಿತಿ ಹೀಗೆ ಮರುಕಳಿಸಿತು. ಆದರೆ ಇದನ್ನು ಕೇವಲ ದೂರಾಗಿ ಹೇಳಿದರೆ ಅನ್ಯಾಯವಾದೀತು. ಹೈದರಾಬಾದಿನ ವಾಹಿನಿಯೇ ಭೈರಪ್ಪನವರ ‘ಗೃಹಭಂಗ’ವನ್ನು ಕಾಸರವಳ್ಳಿಯವರಿಂದ ಧಾರಾವಾಹಿ ಮಾಡಿಸಿತು, ಅದರ ‘ಎದೆ ತುಂಬಿ ಹಾಡುವೆನು’ ವೇದಿಕೆಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಹಳ್ಳಿಯ ಮಕ್ಕಳ ತಲೆ ನೇವರಿಸಿ ಶ್ರುತಿ ತಿದ್ದಿದರು. ಸರ್ಕಾರದ ದೂರದರ್ಶನದಲ್ಲಾದರೂ ಸದಾನಂದ ಸುವರ್ಣರ ‘ಗುಡ್ಡದ ಭೂತ’ವೂ, 1998ರಲ್ಲಿ ಟಿ.ಎನ್. ಸೀತಾರಾಮ್ ಮತ್ತು ಸಂಗಡಿಗರ ‘ಮಾಯಾಮೃಗ’ವೂ ಕನ್ನಡ ಮನೆಗಳ ಸಂಜೆಯ ವೇಳಾಪಟ್ಟಿಯನ್ನೇ ಬದಲಿಸಿದುವು. ಕೋರ್ಟಿನ ಮೊಕದ್ದಮೆ, ಊರಿನ ರಾಜಕೀಯ, ನಡುಮನೆಯ ಜಗಳ ಇವನ್ನು ಸೀತಾರಾಮ್ ಹೆಣೆದ ರೀತಿ ಪುಟ್ಟಣ್ಣನವರ ಕಾಲದ ಕಾದಂಬರಿ ಓದುಗ ಕುಟುಂಬವನ್ನೇ ಮತ್ತೆ ಒಟ್ಟುಗೂಡಿಸಿತು. ಆದರೆ ಈ ಸಲ ಆ ಕುಟುಂಬ ಚಿತ್ರಮಂದಿರಕ್ಕೆ ಹೊರಡಲಿಲ್ಲ, ಮನೆಯಲ್ಲೇ ಕುಳಿತಿತು.

ಅದರ ಪರಿಣಾಮ ಗಾಂಧಿನಗರಕ್ಕೆ ಬೇಗನೆ ತಿಳಿಯಿತು. ತಾಯಂದಿರು ಮನೆಯಲ್ಲುಳಿದಾಗ ಮಂದಿರದಲ್ಲಿ ಉಳಿದವರು ಹುಡುಗರು. ಹುಡುಗರಿಗಾಗಿ ಮಚ್ಚು ಲಾಂಗುಗಳ ಚಿತ್ರಗಳು ಬಂದುವು. ಅವುಗಳನ್ನು ಕಂಡು ತಾಯಂದಿರು ಇನ್ನಷ್ಟು ದೂರ ಸರಿದರು. ಡಬ್ಬಿಂಗ್ ಮುಚ್ಚಿದ್ದರಿಂದ ತಮಿಳು ತೆಲುಗಿನ ಯಶಸ್ವೀ ಕಥೆಗಳು ರಿಮೇಕಿನ ರೂಪದಲ್ಲಿ ಒಳಬಂದುವು. ಪರರ ಚಿತ್ರವನ್ನು ತಡೆಯಲೆಂದು ಹಾಕಿದ ಅಗುಳಿ ಪರರ ಕಥೆಯನ್ನು ತಡೆಯಲಿಲ್ಲ. ಸ್ವಂತ ಕಾದಂಬರಿಯ ಕಣಜ ಪಕ್ಕದಲ್ಲಿದ್ದೂ ಬೀಗ ತೆಗೆಯುವವರಿಲ್ಲದಾಯಿತು. 2000ದ ಜುಲೈ 30ರಂದು ಗಾಜನೂರಿನಿಂದ ಕಾಡುಗಳ್ಳ ವೀರಪ್ಪನ್ ರಾಜಕುಮಾರರನ್ನು ಅಪಹರಿಸಿದಾಗ, 108 ದಿನ ಉದ್ಯಮವೇ ಸ್ತಬ್ಧವಾಯಿತು. ಅವರು ಮರಳಿದ ಕೆಲವೇ ವಾರಗಳಲ್ಲಿ ಈಟಿವಿ ಕನ್ನಡ ಪ್ರಸಾರ ಆರಂಭಿಸಿತು. 2004ರಲ್ಲಿ, ಪರಭಾಷಾ ಚಿತ್ರಗಳು ಏಳು ವಾರ ತಡವಾಗಿಯೇ ಇಲ್ಲಿ ತೆರೆಕಾಣಬೇಕೆಂದು ವಾಣಿಜ್ಯ ಮಂಡಳಿ ಹೂಡಿದ ಕಟ್ಟಳೆ ಜಗಳಕ್ಕೆ ಕಾರಣವಾಯಿತೇ ಹೊರತು ಕನ್ನಡ ಚಿತ್ರಕ್ಕೆ ಪ್ರೇಕ್ಷಕನನ್ನು ತರಲಿಲ್ಲ.

2006ರ ಏಪ್ರಿಲ್ 12ರಂದು ರಾಜಕುಮಾರ್ ತೀರಿಕೊಂಡರು. ಅದೇ ವರ್ಷದ ಕೊನೆಯ ವಾರದಲ್ಲಿ ಯೋಗರಾಜ ಭಟ್ಟರ ‘ಮುಂಗಾರು ಮಳೆ’ ಬಂದಿತು. ಸಕಲೇಶಪುರ ಮಡಿಕೇರಿಗಳ ಮಳೆ, ಜಯಂತ ಕಾಯ್ಕಿಣಿಯವರ ಹಾಡು, ಗಣೇಶನ ಹರಟೆ ಕೂಡಿ, ಮಾಲುಗಳ ಬಹುತೆರೆ ಮಂದಿರಗಳಲ್ಲೂ ಕನ್ನಡ ಚಿತ್ರ ವರ್ಷಗಟ್ಟಲೆ ಓಡಬಲ್ಲದೆಂದು ತೋರಿಸಿತು. ಗಣೇಶ ಬಂದುದು ಉದಯ ವಾಹಿನಿಯ ‘ಕಾಮಿಡಿ ಟೈಮ್’ನಿಂದ, ಮುಂದೆ ‘ಕೆ.ಜಿ.ಎಫ್.’ನ ನಾಯಕನಾದ ಯಶ್ ಬಂದುದು ಈಟಿವಿಯ ‘ನಂದಗೋಕುಲ’ದಿಂದ. ಗುಬ್ಬಿ ಕಂಪನಿ ಹಿಂದೆ ಮಾಡಿದ ಕೆಲಸವನ್ನು ಈಗ ಕಿರುತೆರೆ ಮಾಡತೊಡಗಿತ್ತು. ಎದುರು ದಿಕ್ಕಿನಲ್ಲಿಯೂ ಸಂಚಾರವಿದ್ದಿತು: ಪುನೀತ್ ರಾಜಕುಮಾರ್ ‘ಕನ್ನಡದ ಕೋಟ್ಯಧಿಪತಿ’ಯ ಪೀಠದಲ್ಲಿ ಕುಳಿತರು, ಸುದೀಪ್ ‘ಬಿಗ್ ಬಾಸ್’ ನಡೆಸಿದರು. ವಾಹಿನಿಗಳು ಚಿತ್ರಗಳ ಪ್ರಸಾರದ ಹಕ್ಕಿಗೆ ಒಳ್ಳೆಯ ಬೆಲೆ ಕೊಟ್ಟ ಕೆಲವು ವರ್ಷಗಳಲ್ಲಿ, ಮಂದಿರದಲ್ಲಿ ಸೋತರೂ ಹಕ್ಕಿನ ಹಣದಿಂದ ಬದುಕಬಹುದೆಂಬ ಲೆಕ್ಕದ ಮೇಲೆ ನೂರಾರು ಚಿತ್ರಗಳು ತಯಾರಾದುವು. ವಾಹಿನಿಗಳು ಕೈ ಹಿಂದೆಗೆದಾಗ ಆ ನಿರ್ಮಾಪಕರು ಮಾಯವಾದರು. ಒಂದು ಕಾಲಕ್ಕೆ ಸಿನೆರಾಮಾ ತೆರೆಯಿಂದ ಬೆರಗುಗೊಳಿಸಿದ್ದ ಗಾಂಧಿನಗರದ ‘ಕಪಾಲಿ’ 2017ರಲ್ಲಿ ಮುಚ್ಚಿತು.

ಡಬ್ಬಿಂಗಿನ ಅಗುಳಿಯನ್ನು ಕೊನೆಗೆ ಅಲುಗಿಸಿದವರು ಗ್ರಾಹಕರು. ಆಮೀರ್ ಖಾನರ ‘ಸತ್ಯಮೇವ ಜಯತೇ’ ಕಾರ್ಯಕ್ರಮ 2012ರಲ್ಲಿ ಹಲವು ಭಾಷೆಗಳಲ್ಲಿ ಬಂದು ಕನ್ನಡದಲ್ಲಿ ಮಾತ್ರ ಬಾರದಿದ್ದಾಗ, ವಿಜ್ಞಾನವನ್ನೂ ಲೋಕಜ್ಞಾನವನ್ನೂ ತನ್ನ ನುಡಿಯಲ್ಲಿ ಪಡೆಯುವ ಹಕ್ಕು ಕನ್ನಡಿಗನಿಗೊಬ್ಬನಿಗೆ ಏಕಿಲ್ಲವೆಂಬ ಪ್ರಶ್ನೆ ಎದ್ದಿತು. ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರಿತ್ತಿತು. 2015ರಲ್ಲಿ ಆಯೋಗ ವಾಣಿಜ್ಯ ಮಂಡಳಿಯೇ ಮೊದಲಾದ ಸಂಸ್ಥೆಗಳಿಗೆ ದಂಡ ವಿಧಿಸಿತು. 2017ರಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ಪ್ರತಿಭಟನೆಗಳ ನಡುವೆ ತೆರೆಕಂಡಿತು. ಆದರೆ ಬಾಗಿಲು ಪೂರ್ತಿ ತೆರೆದುದು 2020ರ ಗೃಹಬಂಧನದ ದಿನಗಳಲ್ಲಿ: ಧಾರಾವಾಹಿಗಳ ಚಿತ್ರೀಕರಣ ನಿಂತು ವಾಹಿನಿಗಳಿಗೆ ತುಂಬಲು ಸರಕಿಲ್ಲದಾಗ, ಹಿಂದಿಯ ‘ಮಹಾಭಾರತ’ ಕನ್ನಡ ಮಾತನಾಡಿ ಸ್ಟಾರ್ ಸುವರ್ಣದಲ್ಲಿ ಬಂದಿತು, ಜನ ಸಂತೋಷದಿಂದ ನೋಡಿದರು. ಐವತ್ತೈದು ವರ್ಷಗಳ ಶಾಸನ ಒಂದು ರೋಗದ ಕಾಲದಲ್ಲಿ, ದೊಡ್ಡ ಗದ್ದಲವಿಲ್ಲದೆ ಬಿದ್ದುಹೋಯಿತು.

ಈ ನಡುವೆ ಕನ್ನಡ ಚಿತ್ರವೇ ಹೊರಗೆ ಹೊರಟಿತ್ತು. ಕೋಲಾರದ ಚಿನ್ನದ ಗಣಿಗಳನ್ನು ಹಿನ್ನೆಲೆಯಾಗಿಟ್ಟುಕೊಂಡು ಹೊಂಬಾಳೆ ಸಂಸ್ಥೆ ತೆಗೆದ ‘ಕೆ.ಜಿ.ಎಫ್.’ 2018ರ ಡಿಸೆಂಬರಿನಲ್ಲಿಯೂ, ಅದರ ಎರಡನೆಯ ಭಾಗ 2022ರ ಏಪ್ರಿಲಿನಲ್ಲಿಯೂ ಹಿಂದೀ ತೆಲುಗು ತಮಿಳು ಮಲೆಯಾಳಗಳ ಮಾತು ತೊಟ್ಟು ದೇಶವನ್ನು ಸುತ್ತಿದುವು. ಅದೇ ವರ್ಷ ರಿಷಬ್ ಶೆಟ್ಟರು ತಮ್ಮ ಊರಾದ ಕುಂದಾಪುರ ಸೀಮೆಯ ಕೆರಾಡಿಯಲ್ಲಿ ತೆಗೆದ ‘ಕಾಂತಾರ’, ಮೊದಲು ಕನ್ನಡದಲ್ಲಿ ಮಾತ್ರ ಬಂದು, ಬಳಿಕ ಬೇಡಿಕೆಯ ಮೇರೆಗೆ ಅನ್ಯ ಭಾಷೆಗಳಿಗೆ ಡಬ್ ಆಯಿತು. ಈ ಎರಡು ಮೂರು ಶಿಖರಗಳನ್ನು ಕಂಡು ಕಣಿವೆಗಳನ್ನು ಮರೆಯುವಂತಿಲ್ಲ. ವರ್ಷಕ್ಕೆ ನೂರಾರು ಚಿತ್ರಗಳು ಬಂದು ಹೋಗುವುದು ಪ್ರೇಕ್ಷಕನಿಗೆ ತಿಳಿಯುವುದೇ ಇಲ್ಲ. ಜಿಲ್ಲಾ ಪಟ್ಟಣಗಳ ಒಂಟಿತೆರೆಯ ಮಂದಿರಗಳು ಕಲ್ಯಾಣಮಂಟಪಗಳಾಗುತ್ತಿವೆ. ಸರ್ಕಾರಗಳು ವಾಗ್ದಾನ ಮಾಡುತ್ತ ಬಂದ ಚಿತ್ರನಗರಿ ಒಮ್ಮೆ ಹೆಸರಘಟ್ಟದಲ್ಲಿ, ಒಮ್ಮೆ ರಾಮನಗರದಲ್ಲಿ, ಒಮ್ಮೆ ತಾತಗುಣಿಯ ರೋರಿಕ್ ತೋಟದಲ್ಲಿ, ಒಮ್ಮೆ ನಂಜನಗೂಡು ತಾಲ್ಲೂಕಿನ ಹಿಮ್ಮಾವಿನಲ್ಲಿ ಪ್ರತ್ಯಕ್ಷವಾಗಿ, ಕಾಗದವನ್ನು ಬಿಟ್ಟು ಇಳಿಯಲು ಹಿಂದೆಗೆಯುತ್ತಿದೆ.

2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಎಲ್ಲ ಭಾಷೆಗಳ ಚಿತ್ರಗಳಿಗೂ ಟಿಕೇಟಿನ ದರ ತೆರಿಗೆ ಬಿಟ್ಟು 200 ರೂಪಾಯಿಗಳನ್ನು ಮೀರಬಾರದೆಂದು ನಿಯಮ ಮಾಡಿತು. ಮಧ್ಯಮವರ್ಗದ ಕುಟುಂಬವನ್ನು ಮತ್ತೆ ಮಂದಿರಕ್ಕೆ ತರಬೇಕೆಂಬ ಉದ್ದೇಶ ಅದಕ್ಕಿದ್ದಿತು. ವಾಣಿಜ್ಯ ಮಂಡಳಿಯವರ ಬಹುದಿನದ ಬೇಡಿಕೆಯೂ ಅದಾಗಿದ್ದಿತು. ಬಹುತೆರೆ ಮಂದಿರಗಳ ಒಡೆಯರು ಉಚ್ಚ ನ್ಯಾಯಾಲಯಕ್ಕೆ ಹೋಗಿ ಅದೇ ತಿಂಗಳಲ್ಲಿ ಮಧ್ಯಂತರ ತಡೆ ತಂದರು. ಅರ್ಜಿದಾರರ ಸಾಲಿನಲ್ಲಿ ಅವರ ಜೊತೆಗೆ ಹೊಂಬಾಳೆ ಸಂಸ್ಥೆಯೂ ಇದ್ದಿತು. ಅದರ ‘ಕಾಂತಾರ’ದ ಮತ್ತೊಂದು ಅಧ್ಯಾಯ ಅಕ್ಟೋಬರ್ 2ರಂದು ತೆರೆಗೆ ಬರುವುದಿತ್ತು.